ಕರುಣಾಳು ಬಾ ಬೆಳಕೆ

ಕನ್ನಡದ ಪ್ರಸಿದ್ಧ ಪ್ರಾರ್ಥನಾಗೀತೆ. ಜಾನ್ ಹೆನ್ರಿ ನ್ಯೂಮನ್ ಅವರ ‘ಲೀಡ್, ಕೈಂಡ್ಲಿ ಲೈಟ್’ ಎಂಬ ಕ್ರೈಸ್ತ ಸ್ತುತಿಗೀತೆಯನ್ನು ಬಿ.ಎಂ. ಶ್ರೀಕಂಠಯ್ಯನವರು ಹೀಗೆ ಕನ್ನಡಿಸಿದರು. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಹಾಡಿ ಬೆಳೆದ ಎಷ್ಟೋ ಮಂದಿಗೆ ಇದು ಕಿತ್ತಳೆ ಸಾಗಿಸುವ ಹಡಗಿನಲ್ಲಿ ಹುಟ್ಟಿದ್ದೆಂದು ಗೊತ್ತಿರಲಾರದು.

1833ರಲ್ಲಿ ನ್ಯೂಮನ್ 32ರ ಹರೆಯದ ಆಂಗ್ಲಿಕನ್ ಪಾದ್ರಿ. ಸಿಸಿಲಿಯಲ್ಲಿ ಜ್ವರ ಹಿಡಿದು ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಊರು ಸೇರುವ ತವಕದಲ್ಲಿ ಪಲೆರ್ಮೋದಿಂದ ಮಾರ್ಸೇಗೆ ಹೊರಟ ಹಡಗು ಹತ್ತಿದರೆ, ಬೊನಿಫಾಚಿಯೊ ಜಲಸಂಧಿಯಲ್ಲಿ ಗಾಳಿಯೇ ಬಿದ್ದುಹೋಯಿತು. ವಾರವಿಡೀ ಹಡಗು ಕದಲಲಿಲ್ಲ. ಜೂನ್ 16ರಂದು ಬರೆದ ಈ ಮೂರು ಪದ್ಯಗಳಿಗೆ ಅವರು ಕೊಟ್ಟ ಹೆಸರು ‘ಮೇಘಸ್ತಂಭ’. ಬೈಬಲಿನ ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ದಾರಿ ತೋರಿದ ಮೋಡದ ಕಂಬ ಅದು.

ಭಕ್ತ ಇಲ್ಲಿ ಕೇಳುವುದು ತೀರ ಕಡಿಮೆ. ಗುರಿ ಕಾಣಬೇಕಿಲ್ಲ, ಒಂದು ಹೆಜ್ಜೆ ಇಡುವಷ್ಟು ಬೆಳಕು ಸಾಕು. ನನ್ನ ದಾರಿ ನನಗೆ ಗೊತ್ತೆಂದು ಮೆರೆದ ಹಳೆಯ ದಿನಗಳನ್ನು ಮರೆತುಬಿಡು ಎಂಬ ತಪ್ಪೊಪ್ಪಿಗೆಯೂ ಇದೆ. ಕ್ರಿಸ್ತನ ಹೆಸರು ಮಾತ್ರ ಎಲ್ಲೂ ಇಲ್ಲ. ಈ ಕೊರತೆ ತುಂಬಲೆಂದು ಎಡ್ವರ್ಡ್ ಬಿಕರ್‌ಸ್ಟೆತ್ ಎಂಬ ಪಾದ್ರಿ ನಾಲ್ಕನೆಯ ಪದ್ಯವೊಂದನ್ನು ಸೇರಿಸಿದರು. ನ್ಯೂಮನ್‌ಗೆ ಅದು ಹಿಡಿಸಲಿಲ್ಲ. ಅವರ ಮೂಲದ ಕೊನೆಯಲ್ಲಿ ಬರುವ ದಿವ್ಯಮುಖಗಳು ಯಾರವೆಂದು ಮುಂದೊಮ್ಮೆ ಕೇಳಿದಾಗ, ಬರೆದದ್ದಕ್ಕೆಲ್ಲ ಅರ್ಥ ಹೇಳುವ ಹೊಣೆ ಕವಿಗಿಲ್ಲ ಎಂದು ಜಾರಿಕೊಂಡರು. ಹಾಡು ಜನಪ್ರಿಯವಾದದ್ದು ಜಾನ್ ಬ್ಯಾಕಸ್ ಡೈಕ್ಸ್ 1865ರಲ್ಲಿ ಕೂಡಿಸಿದ ರಾಗದಿಂದ ಎಂಬುದು ನ್ಯೂಮನ್ ಅವರದೇ ಅಭಿಪ್ರಾಯ.

ಹೆಸರಿಲ್ಲದ ಆ ಬೆಳಕೇ ಹಾಡನ್ನು ಚರ್ಚಿನಾಚೆಗೂ ಒಯ್ದಿತು. ಗಾಂಧೀಜಿಗೆ ಅಚ್ಚುಮೆಚ್ಚಾಗಿದ್ದ ಇದನ್ನು ನರಸಿಂಹರಾವ್ ದಿವೇಟಿಯಾ ಗುಜರಾತಿಗೆ ‘ಪ್ರೇಮಳ ಜ್ಯೋತಿ’ಯಾಗಿ ತಂದರು.

ಕನ್ನಡದ ಪಾಠ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿದೆ. ಆದಿಪ್ರಾಸದ ಕಟ್ಟು ಸಡಿಲಿಸಿ ಮಾತ್ರಾಗಣಗಳಿಂದ ಹೊಸ ನಡೆ ಕಟ್ಟಿಕೊಟ್ಟ ಪುಸ್ತಕ ಅದು. ಈ ಗೀತೆಯದು ಐದೈದು ಮಾತ್ರೆಯ ಹೆಜ್ಜೆ. ನ್ಯೂಮನ್ ಬೆಳಕಿಗೆ ‘ನಡೆಸು’ ಎನ್ನುತ್ತಾರೆ, ಅಷ್ಟೆ. ಶ್ರೀಕಂಠಯ್ಯನವರು ಮೊದಲು ‘ಬಾ’ ಎಂದು ಕರೆದು, ಆಮೇಲೆ ಕೈ ಹಿಡಿಯಲು ಬೇಡುತ್ತಾರೆ. ಮೂಲದಲ್ಲಿ ಕೈಯ ಮಾತೇ ಇಲ್ಲ! ಇಂಗ್ಲೆಂಡಿನ ಜೌಗುನೆಲ, ಕಡಿಬಂಡೆಗಳು ಇಲ್ಲಿ ಅಡವಿ, ಬೆಟ್ಟ, ಹೊಳೆಗಳಾಗಿವೆ.

1845ರಲ್ಲಿ ಕಥೋಲಿಕ ಸಭೆ ಸೇರಿದ ನ್ಯೂಮನ್ 1879ರಲ್ಲಿ ಕಾರ್ಡಿನಲ್ ಆದರು. 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಕನ್ನಡದಲ್ಲಿ ಗುರುರಾಜ ಕರಜಗಿಯವರ ‘ಪ್ರಜಾವಾಣಿ’ ಅಂಕಣವೂ ಈ ಗೀತೆಯ ಹೆಸರನ್ನೇ ಹೊತ್ತು ಬಂತು.