ರಾಯರ ರೂಪಾಯಿ ಎಂಬುದೊಂದಿಲ್ಲ

ಹಂಪಿಗೆ ಹೋಗಿಬಂದ ಕೆಲವರಿಗಾದರೂ ಈ ಅನುಭವ ಆಗಿರಬಹುದು. ಮಂಟಪದ ನೆರಳಲ್ಲಿ ಕುಳಿತಿದ್ದಾಗ ಒಬ್ಬರು ಹತ್ತಿರ ಬಂದು, ಆಚೀಚೆ ನೋಡಿ, ಕರವಸ್ತ್ರದ ಗಂಟು ಬಿಚ್ಚುತ್ತಾರೆ. ಒಳಗೆ ಕಪ್ಪಾದ ಬೆಳ್ಳಿ ನಾಣ್ಯ. ರೂಪಾಯಿಯಷ್ಟು ಅಗಲ, ಒಂದು ಬದಿಯಲ್ಲಿ ಕಿರೀಟ ತೊಟ್ಟ ಅರಸ. ‘ಹೊಲ ಉಳುವಾಗ ಸಿಕ್ತು ಸಾರ್, ಕೃಷ್ಣದೇವರಾಯರದ್ದು’ ಎನ್ನುತ್ತಾರೆ. ನಮಗೂ ಒಮ್ಮೆ ಹೀಗಾಯಿತು. ತೂಗಿ ನೋಡುವ ಅಗತ್ಯವೂ ಬೀಳಲಿಲ್ಲ. ಅಂಥ ನಾಣ್ಯವನ್ನು ರಾಯರು ಅಚ್ಚು ಹಾಕಿಸಿರಲೇ ಇಲ್ಲ.

ಕೃಷ್ಣದೇವರಾಯ ತೀರಿಕೊಂಡದ್ದು 1529ರಲ್ಲಿ. ಸುಮಾರು ಹನ್ನೊಂದೂವರೆ ಗ್ರಾಂ ತೂಕದ ‘ರುಪಿಯಾ’ವನ್ನು ಚಲಾವಣೆಗೆ ತಂದವನು 1540ರಲ್ಲಿ ದಿಲ್ಲಿಯ ಗದ್ದುಗೆ ಏರಿದ ಶೇರ್ ಶಾ ಸೂರಿ. ವಿಜಯನಗರದ ವ್ಯವಹಾರ ನಡೆದದ್ದು ಮುಖ್ಯವಾಗಿ ಚಿನ್ನ ಮತ್ತು ತಾಮ್ರದಲ್ಲಿ. ಕೃಷ್ಣದೇವರಾಯನ ಹೆಸರಾಂತ ವರಹ ಸುಮಾರು 3.4 ಗ್ರಾಂ ತೂಕದ ಚಿನ್ನದ ನಾಣ್ಯ. ಒಂದು ಬದಿಗೆ ಕುಳಿತ ಬಾಲಕೃಷ್ಣ, ಇನ್ನೊಂದು ಬದಿಗೆ ನಾಗರಿ ಲಿಪಿಯಲ್ಲಿ ರಾಯನ ಹೆಸರು. ರಾಯನ ಮುಖ ಅದರಲ್ಲಿಲ್ಲ.

ಹಾಗಾದರೆ ಬೆಳ್ಳಿ ಇರಲೇ ಇಲ್ಲವೇ? ಇತ್ತು. 1443ರಲ್ಲಿ ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಝಾಕ್ ಇಲ್ಲಿನ ನಾಣ್ಯಗಳ ಲೆಕ್ಕ ಬರೆದಿಟ್ಟಿದ್ದಾನೆ. ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಪಣ, ಪಣದ ಆರನೇ ಒಂದು ಪಾಲು ಬೆಳ್ಳಿಯ ‘ತಾರ’, ತಾರದ ಮೂರನೇ ಒಂದು ಪಾಲು ತಾಮ್ರದ ಜೀತಲ್. ಅಂದರೆ ಒಂದು ವರಹಕ್ಕೆ 120 ತಾರ! ಅದೆಷ್ಟು ಚಿಕ್ಕದಿರಬೇಕೆಂದು ಓದುಗರೇ ಊಹಿಸಬಹುದು. ಆ ಕಾಲದಲ್ಲಿ ದೊಡ್ಡ ಬೆಳ್ಳಿ ನಾಣ್ಯ ಹೊಡೆಸುತ್ತಿದ್ದವರು ನೆರೆಯ ಬಹಮನಿ ಸುಲ್ತಾನರು. ಅವರ ಟಂಕದ ಮೇಲಿರುವುದು ಅರಬಿ ಅಕ್ಷರ, ಅರಸನ ಚಿತ್ರವಲ್ಲ.

ಖೋಟಾ ನಾಣ್ಯವೇನೂ ಇಂದಿನ ಪ್ರವಾಸೋದ್ಯಮದ ಕೂಸಲ್ಲ. 1327ರಲ್ಲಿ ಕಂಪಿಲಿಯನ್ನು, ಅಂದರೆ ಇಂದಿನ ಕಂಪ್ಲಿ ಸೀಮೆಯ ರಾಜ್ಯವನ್ನು, ಗೆದ್ದವನು ಮುಹಮ್ಮದ್ ಬಿನ್ ತುಘ್ಲಕ್. ಅದಾದ ಎರಡು ಮೂರು ವರ್ಷಗಳಲ್ಲೇ ಅವನು ಬೆಳ್ಳಿ ಟಂಕದ ಬೆಲೆಗೆ ತಾಮ್ರ, ಹಿತ್ತಾಳೆಯ ನಾಣ್ಯ ಹೊರಡಿಸಿದ. ಮನೆಮನೆಯೂ ಟಂಕಸಾಲೆಯಾಯಿತು ಎಂಬ ಅರ್ಥದಲ್ಲಿ ಇತಿಹಾಸಕಾರ ಬರನಿ ಬರೆದಿದ್ದಾನೆ. ಕೊನೆಗೆ ಸುಲ್ತಾನ ತನ್ನ ಖಜಾನೆಯಿಂದಲೇ ಹಣ ಕೊಟ್ಟು ಅವನ್ನೆಲ್ಲ ಹಿಂಪಡೆಯಬೇಕಾಯಿತು. ಇದನ್ನು ಶಾಲೆಯಲ್ಲಿ ‘ಹುಚ್ಚು ದೊರೆ’ಯ ಕತೆಯಾಗಿ ಓದಿ ನಾವು ನಕ್ಕಿದ್ದೇವೆ. ಜೇಬಿನಲ್ಲಿ ಕಾಗದದ ನೋಟು ಇಟ್ಟುಕೊಂಡು ನಗುವುದು ಅಷ್ಟೇನೂ ನ್ಯಾಯವಲ್ಲ. ಸರಕಾರಿ ಅಚ್ಚಿಗೂ ಅಕ್ಕಸಾಲಿಯ ಅಚ್ಚಿಗೂ ವ್ಯತ್ಯಾಸ ಗೊತ್ತಾಗದಂತಿದ್ದುದೇ ಅವನ ಯೋಜನೆಯ ದೋಷ. ದಿಲ್ಲಿಯಲ್ಲಿ ಪರೀಕ್ಷಕರಿರಲಿಲ್ಲವೆಂದಲ್ಲ. ಖಿಲ್ಜಿಗಳ ಟಂಕಸಾಲೆಯಲ್ಲಿ ದುಡಿದ ಠಕ್ಕುರ ಫೇರು ಎಂಬ ಜೈನ ಅಧಿಕಾರಿ 1318ರಲ್ಲೇ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥ ಬರೆದು, ನಾನಾ ರಾಜ್ಯಗಳ ನಾಣ್ಯಗಳ ತೂಕ, ಶುದ್ಧತೆಗಳನ್ನು ದಾಖಲಿಸಿದ್ದ.

ಹೊಸಪೇಟೆ, ಸಂಡೂರುಗಳ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಇಂದು ಸಿಗುವ ಬೆಳ್ಳಿ ಹೆಚ್ಚಾಗಿ ಇನ್ನೂ ಈಚಿನದು. ಈ ಸೀಮೆ ಹೈದರ್, ಟಿಪ್ಪುವಿನ ಕೈಯಿಂದ ನಿಜಾಮನಿಗೆ, 1800ರಲ್ಲಿ ನಿಜಾಮನಿಂದ ಕಂಪೆನಿಗೆ ಹೋಯಿತು. ಟಿಪ್ಪುವಿನ ‘ಇಮಾಮಿ’ ರೂಪಾಯಿಗೆ ಬೇಡಿಕೆ ಬಂದಂತೆ ನಕಲಿಗಳೂ ಬಂದಿವೆ. ಇಲ್ಲೊಂದು ಸುಳಿವಿದೆ. 1787ರಿಂದ ಟಿಪ್ಪು ಹಿಜರಿ ಬಿಟ್ಟು ಮೌಲೂದಿ ಶಕೆ ಬಳಸಿದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1216 ಎಂಬುದು ನಾಣ್ಯದಲ್ಲಿ 6121 ಎಂಬಂತೆ ಕಾಣುತ್ತದೆ. ಇದು ತಿಳಿಯದ ಖೋಟಾಗಾರ ಸರಿಯಾಗಿ ಬರೆದೇ ತಪ್ಪು ಮಾಡುತ್ತಾನೆ.

ಕಂಪೆನಿಯ ಹೆಸರಲ್ಲಿ ನಡೆಯುವ ಮೋಸವಂತೂ ವಿಚಿತ್ರ. ಒಂದು ಬದಿಗೆ ಹನುಮಂತ ಅಥವಾ ರಾಮನ ದರಬಾರು, ಇನ್ನೊಂದು ಬದಿಗೆ ‘ಈಸ್ಟ್ ಇಂಡಿಯಾ ಕಂಪೆನಿ 1818’ ಎಂದಿರುವ ಬಿಲ್ಲೆಗಳು ಜಾತ್ರೆಗಳಲ್ಲಿ ಸಿಗುತ್ತವೆ. ಭಕ್ತಿಯಿಂದ ದೇವರ ಕೋಣೆಯಲ್ಲಿಟ್ಟರೆ ಯಾರ ತಕರಾರೂ ಇಲ್ಲ. ಲಕ್ಷ ರೂಪಾಯಿ ಬೆಲೆ ಹೇಳಿದಾಗ ತಕರಾರು. ಕಂಪೆನಿ ಅಂಥದ್ದನ್ನು ಎಂದೂ ಹೊರಡಿಸಿಲ್ಲ. ಹಾಗೆಂದು ದೇವರ ಚಿತ್ರವಿದ್ದದ್ದೆಲ್ಲ ಸುಳ್ಳೂ ಅಲ್ಲ. 1808ರ ಸುಮಾರಿಗೆ ಮದರಾಸಿನ ಟಂಕಸಾಲೆಯಿಂದ ಬಂದ ಅರ್ಧ ಪಗೋಡದ ಬೆಳ್ಳಿ ನಾಣ್ಯದಲ್ಲಿ ದೇಗುಲದ ಗೋಪುರವಿದೆ, ವಿಷ್ಣುವಿದ್ದಾನೆ, ಇಂಗ್ಲಿಷ್, ಪಾರ್ಸಿ, ತಮಿಳು, ತೆಲುಗು ಅಕ್ಷರಗಳಿವೆ.

ರಾಣಿ ಛಾಪಿನ ರೂಪಾಯಿಗೆ ಬರೋಣ. ದೀಪಾವಳಿಯ ಲಕ್ಷ್ಮೀಪೂಜೆಗೆ, ಪ್ರಯಾಣಕ್ಕೆ ಹೊರಟವರ ತೋಳಿಗೆ ಕಟ್ಟುವ ಇಮಾಮ್ ಝಾಮಿನ್‌ಗೆ, ಲಂಬಾಣಿ ಹೆಂಗಸರ ಒಡವೆಗೆ ಬಳಕೆಯಾದ ನಾಣ್ಯವಿದು. ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1876ರವರೆಗೆ ‘ವಿಕ್ಟೋರಿಯಾ ಕ್ವೀನ್’, 1877ರಿಂದ ‘ವಿಕ್ಟೋರಿಯಾ ಎಂಪ್ರೆಸ್’. 1885ರ ಇಸವಿಯಿದ್ದು ‘ಕ್ವೀನ್’ ಎಂದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. 1911ರಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಆನೆ ಹಂದಿಯಂತೆ ಕಂಡು ಗದ್ದಲವಾಯಿತು. ಸರಕಾರ ನಾಣ್ಯ ಹಿಂಪಡೆದು 1912ರಲ್ಲಿ ತಿದ್ದಿತು. 1939ರ ರೂಪಾಯಿಯೂ ವಿರಳ. ಹಾಗಾಗಿ ಇಸವಿಯ ಕೊನೆಯ ಅಂಕಿಯನ್ನು ತಿದ್ದುವವರಿದ್ದಾರೆ. ಭೂತಕನ್ನಡಿಯಲ್ಲಿ ಆ ಅಂಕಿಯ ಸುತ್ತ ನೋಡಬೇಕು.

ಅಂಚನ್ನೂ ನೋಡಿ. ಅಸಲಿಯಲ್ಲಿ ಗೀರುಗಳು ಒಂದೇ ಸಮನಾಗಿರುತ್ತವೆ. ಎರಕ ಹೊಯ್ದದ್ದರಲ್ಲಿ ಸುತ್ತ ಕೂಡುಗೆರೆ, ಮೈಮೇಲೆ ಗುಳ್ಳೆಯ ಸಣ್ಣ ಕುಳಿ ಕಾಣಬಹುದು. ಅಯಸ್ಕಾಂತಕ್ಕೆ ಅಂಟಿದರೆ ನಕಲಿ, ಅಂಟದಿದ್ದರೆ ಏನೂ ಸಾಬೀತಾಗಲಿಲ್ಲ. ನೀರಿನ ಪರೀಕ್ಷೆ ಇದಕ್ಕಿಂತ ನಂಬಿಕಸ್ತ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ನೂಲಿಗೆ ಕಟ್ಟಿದ ನಾಣ್ಯವನ್ನು ತಳ ತಾಗದಂತೆ ಮುಳುಗಿಸಿ. ಸವೆಯದ ರೂಪಾಯಿಗೆ ಸುಮಾರು 1.13 ಗ್ರಾಂ ಬರಬೇಕು. ಅಷ್ಟೇ ತೂಕದ ಜರ್ಮನ್ ಸಿಲ್ವರ್ 1.3 ದಾಟುತ್ತದೆ. ಈ ವಿದ್ಯೆ ಹಳೆಯದು. ಅಲ್ ಬಿರೂನಿ ಲೋಹಗಳನ್ನು ಹೀಗೆ ನೀರಲ್ಲಿ ತೂಗಿದ್ದ, ಅಲ್ ಖಾಝಿನಿ 1121ರಲ್ಲಿ ಇಂಥ ತಕ್ಕಡಿಯ ಮೇಲೆ ಗ್ರಂಥವನ್ನೇ ಬರೆದ.

ಬೆಳ್ಳಿ ಶುದ್ಧವಿದ್ದ ಮಾತ್ರಕ್ಕೆ ನಾಣ್ಯ ಶುದ್ಧವಾಗದು, ಅಸಲಿ ಬೆಳ್ಳಿಯಲ್ಲೇ ನಕಲಿ ಹೊಡೆಯುವವರೂ ಉಂಟು. ಇದರ ತಿರುವುಮುರುವೂ ನಡೆಯುತ್ತದೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಅಜ್ಜಿಯ ರೂಪಾಯಿಗಳನ್ನು ತಂದವರಿಗೆ ‘ಇದು ಡುಪ್ಲಿಕೇಟು, ಕೊಕ್ಕೆ ಬೆಸೆದಿದೆ, ಉಳಿ ಹೊಡೆದಿದೆ’ ಎಂದು ಹೇಳಿ ಕರಗುವ ಬೆಳ್ಳಿಯ ದರಕ್ಕೇ ಕೊಳ್ಳುವುದು. ಒಡವೆಗೆ ಬೆಸೆದ ಕೊಕ್ಕೆ ಸಂಗ್ರಾಹಕರ ಬೆಲೆ ತಗ್ಗಿಸಬಹುದು, ನಾಣ್ಯವನ್ನು ಖೋಟಾ ಮಾಡದು. ಉಳಿಯ ಗುರುತಂತೂ ಹಿಂದಿನ ಶರಾಫರು ಒಳಗಿನ ಬೆಳ್ಳಿ ನೋಡಲು ಹೊಡೆದದ್ದಿರಬಹುದು. ಮಾರಲು ಹೋಗುವ ಮುನ್ನ ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕುವುದೂ ನಷ್ಟವೇ.

ಇನ್ನು ಹೊಲದಲ್ಲಿ ಸಿಕ್ಕಿತೆಂಬ ಮಾತು. ನೆಲದಲ್ಲಿ ಸಿಕ್ಕ ನಿಧಿಯ ಸುದ್ದಿಯನ್ನು ಸರಕಾರಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆ ಹೇಳುತ್ತದೆ. ಆದ್ದರಿಂದ ಕರವಸ್ತ್ರದ ಕತೆ ನಿಜವಾಗಿದ್ದರೂ ಕೊಳ್ಳುವಂತಿಲ್ಲ. ಆದರೆ ಪೊಲೀಸರ ಹೆದರಿಕೆಗೆ ಸಿಕ್ಕದ್ದನ್ನು ಮೂಸೆಗೆ ಹಾಕುವವರೇ ಹೆಚ್ಚೆಂದು ತೋರುತ್ತದೆ. ತಾರಕ್ಕೆ ಆ ಭಾಗ್ಯವೂ ಇಲ್ಲ. ಅಬ್ದುರ್ ರಝಾಕ್ ಕಂಡ ಆ ಬೆಳ್ಳಿ ಇಂದು ಕಂಪ್ಲಿಯ ಗದ್ದೆಯ ಕೆಸರಿನಲ್ಲಿ ಮೇಲೆದ್ದರೂ, ಮೀನಿನ ಪೊರೆಯೆಂದು ಬಗೆದು ಕಾಲಲ್ಲಿ ಒರೆಸಿ ಮುಂದೆ ಹೋಗುವಷ್ಟು ಚಿಕ್ಕದು.