ಡಾನ್ಯೂಬ್ ನದಿಗೂ ಒಂದು ಕಾವೇರಿ ವ್ಯಾಜ್ಯ



ಜರ್ಮನಿಯ ನಕಾಶೆ ಬಿಡಿಸಿ ನೋಡಿ. ರೈನ್, ವೇಸರ್, ಎಲ್ಬೆ ನದಿಗಳು ಉತ್ತರ ಸಮುದ್ರ ಸೇರುತ್ತವೆ. ಪೋಲೆಂಡಿನ ಗಡಿಯಲ್ಲಿ ಹರಿಯುವ ಓಡರ್ ಬಾಲ್ಟಿಕ್ ಸಮುದ್ರಕ್ಕೆ ಹೋಗುತ್ತದೆ. ದೊಡ್ಡ ನದಿಗಳಲ್ಲಿ ಪೂರ್ವದ ಹಾದಿ ಹಿಡಿಯುವುದು ಡಾನ್ಯೂಬ್ ಒಂದೇ. ಬ್ಲ್ಯಾಕ್ ಫಾರೆಸ್ಟಿನ ಬ್ರೆಗ್, ಬ್ರಿಗಾಖ್ ಎಂಬ ಹೊಳೆಗಳು ಡೋನೌಎಶಿಂಗೆನ್ ಬಳಿ ಕೂಡಿ ಡಾನ್ಯೂಬ್ ಆಗುತ್ತವೆ. ಅಲ್ಲಿಂದ ಸುಮಾರು 2,850 ಕಿಲೋಮೀಟರ್ ಹರಿದರೆ ಕಪ್ಪು ಸಮುದ್ರ. ಪಕ್ಕದಲ್ಲೇ ರೈನ್ ಇದ್ದರೂ ಅತ್ತ ತಿರುಗದ ಈ ನದಿ, ಅರಬ್ಬೀ ಸಮುದ್ರದ ಹತ್ತಿರ ಹುಟ್ಟಿ ಬಂಗಾಳ ಕೊಲ್ಲಿಗೆ ಹೊರಡುವ ನಮ್ಮ ಕಾವೇರಿಯ ಹಾಗೆಯೇ.

ಆದರೆ ಡಾನ್ಯೂಬ್ ಗುಟ್ಟಾಗಿ ರೈನಿಗೂ ನೀರು ಕೊಡುತ್ತದೆ! ಇಮೆಂಡಿಂಗೆನ್ ಊರಿನ ಬಳಿ ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಇಂಗಿ, ಬೇಸಿಗೆಯಲ್ಲಿ ಎಷ್ಟೋ ದಿನ ನದಿಯ ಪಾತ್ರವೇ ಒಣಗಿರುತ್ತದೆ. ಆ ನೀರು ಎಲ್ಲಿ ಹೋಗುತ್ತದೆಂದು ತಿಳಿಯಲು ಕಾರ್ಲ್ಸ್‌ರೂಹೆಯ ಭೂವಿಜ್ಞಾನಿ ಅಡಾಲ್ಫ್ ಕ್ನೋಪ್ 1877ರಲ್ಲಿ ಹಸಿರು ಬಣ್ಣ, ಉಪ್ಪು, ಎಣ್ಣೆಗಳನ್ನು ಬಿರುಕಿಗೆ ಸುರಿಸಿದರು. ಸುಮಾರು ಎರಡೂವರೆ ದಿನಗಳಲ್ಲಿ, ಹನ್ನೆರಡು ಕಿಲೋಮೀಟರ್ ದೂರದ ಆಖ್ ಬುಗ್ಗೆಯ ನೀರು ಹಸಿರಾಯಿತು. ಆ ಬುಗ್ಗೆಯ ಹೊಳೆ ಕಾನ್‌ಸ್ಟಾನ್ಸ್ ಸರೋವರ ಸೇರಿ ರೈನ್ ಆಗುತ್ತದೆ.

ಗುಟ್ಟು ಬಯಲಾದರೂ ಜಗಳ ನಿಲ್ಲಲಿಲ್ಲ. ನೀರು ಇಂಗುವ ಜಾಗವೂ ಆಖ್ ಹೊಳೆಯೂ ಬಾಡೆನ್ ರಾಜ್ಯದವು. ಒಣ ನದಿ ಕಂಡು ಸಂಕಟಪಟ್ಟವರು ಕೆಳಗಿನ ವುರ್ಟೆಂಬರ್ಗ್‌ನವರು. ಇನ್ನೂ ಕೆಳಗಿನ ಹೊಹೆನ್‌ಸೋಲರ್ನ್ ಸೀಮೆ ತನ್ನದಾದ್ದರಿಂದ ಪ್ರಷ್ಯಾ ಕೂಡ ವುರ್ಟೆಂಬರ್ಗ್ ಜೊತೆ ನಿಂತಿತು. ವ್ಯಾಜ್ಯ ಲೈಪ್‌ಜಿಗ್‌ನ ನ್ಯಾಯಾಲಯಕ್ಕೆ ಹೋಯಿತು. 1927ರ ಜೂನ್ 18ರ ತೀರ್ಪಿನ ಸಾರ ಸರಳ: ಪ್ರಕೃತಿ ಮಾಡುವ ಹಂಚಿಕೆಯನ್ನು ಇಬ್ಬರೂ ಸಹಿಸಬೇಕು, ಇಂಗುವಿಕೆಯನ್ನು ಕೃತಕವಾಗಿ ಹೆಚ್ಚಿಸುವ ಹಕ್ಕು ಬಾಡೆನ್‌ಗಿಲ್ಲ, ಕೃತಕವಾಗಿ ತಡೆಯುವ ಹಕ್ಕು ವುರ್ಟೆಂಬರ್ಗ್‌ಗಿಲ್ಲ. 1952ರಲ್ಲಿ ಎರಡೂ ಸೀಮೆಗಳು ಒಂದೇ ರಾಜ್ಯವಾದವು.

ಮೈಸೂರು ಮತ್ತು ಮದ್ರಾಸು ಕಾವೇರಿ ಒಪ್ಪಂದಕ್ಕೆ ಸಹಿ ಹಾಕಿದ್ದು ಇದಕ್ಕೆ ಮೂರೇ ವರ್ಷ ಮೊದಲು, 1924ರಲ್ಲಿ. ಆಮೇಲೆ 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟ್. ಡಾನ್ಯೂಬ್ ಜಗಳ ಗಿರಣಿ, ಕಾರ್ಖಾನೆಗಳದ್ದು. ನಮ್ಮದು ಲಕ್ಷಾಂತರ ಎಕರೆ ಗದ್ದೆಗಳದ್ದು. ಹೋಲಿಕೆಗೆ ಮಿತಿ ಇದೆ ಎಂದು ಬಲ್ಲೆ.

1991ರ ಡಿಸೆಂಬರಿನ ಗಲಭೆಯಲ್ಲಿ ಬೆಂಗಳೂರಿನ ನಮ್ಮ ಎದುರುಮನೆಯ ತಮಿಳು ಕುಟುಂಬ ಎರಡು ರಾತ್ರಿ ದೀಪ ಹಾಕದೆ ಕೂತಿತ್ತು. ಆಗ ನಾನು ಶಾಲಾ ಹುಡುಗ. ಅಮ್ಮ ಹಿತ್ತಿಲ ಬಾಗಿಲಿನಿಂದ ಅನ್ನ, ಸಾರು ಕೊಟ್ಟು ಬಂದಿದ್ದರು. ಕಳೆದ ಆಗಸ್ಟಿನಲ್ಲಿ ತಮಿಳು ಸಹೋದ್ಯೋಗಿಯೊಬ್ಬರ ಜೊತೆ ಇಮೆಂಡಿಂಗೆನ್‌ನ ಒಣ ಪಾತ್ರದಲ್ಲಿ ನಡೆದಾಗ ಅದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರ ಕಾಲುವೆಯೂ ಎಷ್ಟೋ ವರ್ಷ ಹೀಗೇ ಇತ್ತು" ಎಂದರು. ಒಣಗಿದ ನದಿ ಎರಡು ದಡದವರಿಗೂ ಒಂದೇ ರೀತಿ ಕಾಣುತ್ತದೆ.

ಅತ್ತ ಹೋದರೆ ನೀವೂ ಇಳಿದು ನೋಡಿ. ಬೇಸಿಗೆಯಲ್ಲಿ ಬೂಟು ನೆನೆಯುವುದಿಲ್ಲ.