ಕೇರಿಯ ಕೋಳಿಗೂ ಒಂದು ಚರಿತ್ರೆ ಇದೆ

ಚರಿತ್ರೆ ಅಂದ ಕೂಡಲೆ ನಮ್ಮ ಶಾಲೆಗಳಲ್ಲಿ ಆನೆ, ಕುದುರೆ, ಪಟ್ಟಾಭಿಷೇಕ. ಯಾವ ರಾಜ ಯಾವ ಯುದ್ಧ ಗೆದ್ದ ಅನ್ನೋದನ್ನು ಮಕ್ಕಳು ಬಾಯಿಪಾಠ ಒಪ್ಪಿಸಬೇಕು. ಕೇರಿಯ ಗುಡಿಸಲಲ್ಲಿ ಮಂಕರಿ ಕೆಳಗೆ ಕೂತ ಹ್ಯಾಟೆಯ ವಿಚಾರ ಯಾವ ಮೇಷ್ಟ್ರೂ ಕೇಳುವುದಿಲ್ಲ. ಆದರೆ ನಮ್ಮ ಅವ್ವಂದಿರನ್ನು ಕೇಳಿ ನೋಡಿ. ಮಗನ ಪುಸ್ತಕಕ್ಕೆ, ಮಗಳ ಬಾಣಂತನಕ್ಕೆ, ಗಂಡನ ಜ್ವರದ ಮಾತ್ರೆಗೆ ದುಡ್ಡು ಎಲ್ಲಿಂದ ಬಂತವ್ವ ಅಂದರೆ, 'ಕೋಳಿ ಮಾರ್ದೆ ಕನಪ್ಪ' ಅಂತಾರೆ. ಭೂಮಿ ಇಲ್ಲದ ಮನೆಯಲ್ಲಿ ಹೆಣ್ಣಿನ ಕೈಗೆ ದಕ್ಕಿದ ಆಸ್ತಿ ಇದು. ಈ ಆಸ್ತಿ ಒಂದೇ ವಾರದಲ್ಲಿ ಹೇಗೆ ಮಣ್ಣುಪಾಲಾಗುತ್ತದೆ, ಯಾಕೆ ಆಗುತ್ತದೆ ಎಂಬ ಚರಿತ್ರೆಯನ್ನು ನಾವೇ ಬರೆದುಕೊಳ್ಳಬೇಕಾಗಿದೆ.

ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರ ಆಸ್ತಿ ಯಾವುದೆಂದು ಗೊತ್ತು ಮಾಡುತ್ತದೆ. ನಾಯಿ ಮತ್ತು ಕತ್ತೆ, ಅಷ್ಟೆ. ಅದೇ ಪುಸ್ತಕದ ಐದನೆಯ ಅಧ್ಯಾಯ ಊರಕೋಳಿಯನ್ನು ಊರಹಂದಿ, ಈರುಳ್ಳಿ, ಬೆಳ್ಳುಳ್ಳಿಗಳ ಸಾಲಿನಲ್ಲಿ ನಿಲ್ಲಿಸಿ, ಗೊತ್ತಿದ್ದೂ ತಿಂದ ದ್ವಿಜ ಪತಿತನಾಗುತ್ತಾನೆ ಅನ್ನುತ್ತದೆ. ದ್ವಿಜರ ತಟ್ಟೆಗೆ ಬೇಡವಾದದ್ದು ನಮ್ಮ ತಿಪ್ಪೆ ಕೆದರಿಕೊಂಡು, ಹುಳ ಹುಪ್ಪಟೆ ತಿಂದು, ಯಾರ ಹಂಗೂ ಇಲ್ಲದೆ ಬದುಕಿತು. ಆದರೆ ಹಂಗಿಲ್ಲದ ಕೋಳಿಗೂ ಒಡೆಯರು ಹುಟ್ಟಿಕೊಂಡರು. ಸಾಹೇಬರು ಊರಿಗೆ ಕ್ಯಾಂಪು ಬಂದರೆ ಕೋಳಿ, ಮೊಟ್ಟೆ, ಸೌದೆ ಬಿಟ್ಟಿಯಾಗಿ ಹೋಗುತ್ತಿದ್ದ ಕಾಲವನ್ನು ನಮ್ಮ ಹಿರೀಕರು ಕಂಡವರೇ.

'ಕೋಳಿ ಜತೆ ಮಲಗೋ ಜನ' ಅಂತ ಊರಿನವರು ನಮ್ಮನ್ನು ಆಡಿಕೊಂಡದ್ದುಂಟು. ಹೌದು, ಮಲಗಿದ್ದೇವೆ. ಯಾಕೆ ಅನ್ನುವುದನ್ನು ಆಡಿಕೊಂಡವರು ಕೇಳಲಿಲ್ಲ. ಆಗ ತಾನೆ ಮೊಟ್ಟೆಯೊಡೆದ ಪಿಳ್ಳೆಗೆ ತನ್ನ ಮೈಬಿಸಿಯನ್ನು ತಾನೇ ಉಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬಹುದು ಎನ್ನುತ್ತದೆ ಇವತ್ತಿನ ವಿಜ್ಞಾನ. ಫಾರಂಗಳಲ್ಲಿ ಇದಕ್ಕೆ ಕರೆಂಟು ಬಲ್ಬು. ಕರೆಂಟಿಲ್ಲದ ಗುಡಿಸಲಲ್ಲಿ ನಮ್ಮ ಅವ್ವ ಮಾಗಿ ಚಳಿಗೆ ಒಲೆ ಮಗ್ಗುಲಲ್ಲಿ ಒಣಹುಲ್ಲು ಹಾಸಿ, ತಾಯಿಕೋಳಿಯ ರೆಕ್ಕೆಯಡಿ ಪಿಳ್ಳೆ ಬಿಟ್ಟು, ಮಂಕರಿ ಕವುಚಿ ಗೋಣಿತಾಟು ಹೊದಿಸುತ್ತಿದ್ದಳು. ಉಸಿರಾಡಲಿ ಅಂತ ಒಂದು ಮಗ್ಗುಲು ತೆರೆದಿಡುತ್ತಿದ್ದಳು. ಬೆಳಗಾಗೆದ್ದು ಒದ್ದೆ ಹುಲ್ಲು ಎತ್ತಿಹಾಕಿ ಬೂದಿ ಚೆಲ್ಲುತ್ತಿದ್ದಳು. ಬೂದಿಯಲ್ಲಿ ಹೊರಳಿದ ಕೋಳಿಗೆ ಹೇನಿನ ಕಾಟ ಕಮ್ಮಿ. ಹೊತ್ತು ಮುಳುಗೋ ಮುಂಚೆ ಒಂದು ಹಿಡಿ ರಾಗಿ, ಇಲ್ಲವೆಂದರೆ ನುಚ್ಚು. ಹೊಟ್ಟೆ ತುಂಬಿದ ಕೋಳಿ ಚಳಿ ತಡೀತದೆ ಅಂತ. ಇದೂ ಶಾಸ್ತ್ರವೇ. ಬರೆದಿಡಲು ನಮಗೆ ಅಕ್ಷರ ಕೊಟ್ಟಿರಲಿಲ್ಲ.

ಅವ್ವನ ಶಾಸ್ತ್ರ ಸೋತದ್ದು ಒಂದು ರೋಗದ ಮುಂದೆ. ಕೋಳಿ ತೂಕಡಿಸುತ್ತದೆ. ಬಾಯಿ ತೆರೆದು ಉಸಿರೆಳೆಯುತ್ತದೆ. ಹಸಿರು ಬಿಳಿ ನೀರಾಗಿ ಹಿಕ್ಕೆ ಹಾಕುತ್ತದೆ. ಕುತ್ತಿಗೆ ತಿರುಚಿಕೊಳ್ಳುತ್ತದೆ. ನಾಕು ದಿನದಲ್ಲಿ ಗೂಡು ಖಾಲಿ. 'ಚಳಿಗೆ ಹೋದ್ವು' ಅಂತಾರೆ ಕೆಲವರು. 'ಮಾರಮ್ಮ ಮುನಿದ್ಲು' ಅಂತಾರೆ ಇನ್ನು ಕೆಲವರು, ಉಳಿದ ಒಂದು ಹುಂಜವನ್ನೂ ಆಕೆಗೇ ಕೊಯ್ದು ಬರಿಗೈಯಾಗುತ್ತಾರೆ. ಚಳಿ ಕೋಳಿಯ ಬಲ ಕುಗ್ಗಿಸುತ್ತದೆ, ನಿಜ. ಕೊಲ್ಲುವುದು ಮಾತ್ರ ಚಳಿಯಲ್ಲ, ಅಮ್ಮನೂ ಅಲ್ಲ. ಅದೊಂದು ವೈರಸ್ಸು. ನಮ್ಮಲ್ಲಿ ಕೊಕ್ಕರೆ ರೋಗ ಅಂತ ಕರೆಯುವುದು ಇದನ್ನೇ.

ಈ ರೋಗವನ್ನು 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲೂ ಗುರುತಿಸಿದರು. 1927ರಲ್ಲಿ ಕುಮಾವೂ ಬೆಟ್ಟಗಳ ದಂಡಿನ ಊರಾದ ರಾಣಿಖೇತಿನಲ್ಲಿ ಕಂಡು, ಇಂಡಿಯಾದಲ್ಲಿ ಅದಕ್ಕೆ ರಾಣಿಖೇತ್ ರೋಗವೆಂದೇ ಹೆಸರಾಯಿತು. ಅದೇ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ನಾಯಕತ್ವದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ನಮಗೆ ಎರಡೂ ಬೇಕು. ಒಂದು, ನಮ್ಮ ಆಸ್ತಿ ಇಷ್ಟೇ ಎಂದ ಹಣೆಬರಹಕ್ಕೆ ಬೆಂಕಿ ಇಟ್ಟಿತು. ಇನ್ನೊಂದು, ಅಮ್ಮನ ಮುನಿಸು ಅಂದುಕೊಂಡದ್ದಕ್ಕೆ ಕಾರಣ ತೋರಿಸಿತು.

ರಾಣಿಖೇತಿಗೆ ಹತ್ತಿರದ ಬೆಟ್ಟದಲ್ಲೇ ಮುಕ್ತೇಶ್ವರದ ಸಂಶೋಧನಾಲಯ ಇತ್ತು. 1889ರಲ್ಲಿ ಪುಣೆಯಲ್ಲಿ ಶುರುವಾಗಿ 1893ರಲ್ಲಿ ಅಲ್ಲಿಗೆ ಹೋದದ್ದು. ರೋಗದ ವೈರಸ್ಸನ್ನು ಕೋಳಿಮೊಟ್ಟೆಯೊಳಗೆ ಮತ್ತೆ ಮತ್ತೆ ಬೆಳೆಸಿ, ಅದರ ಉಗ್ರತೆ ಇಳಿಸಿ, 1940ರ ದಶಕದಲ್ಲಿ ಅಲ್ಲಿಯೇ ಲಸಿಕೆ ತಯಾರಿಸಿದರು. ಅಂದರೆ ಮದ್ದು ಹುಟ್ಟಿ ಮುಕ್ಕಾಲು ಶತಮಾನ ದಾಟಿತು. ಹಾಗಿದ್ದೂ ನಮ್ಮ ಗೂಡು ಯಾಕೆ ಖಾಲಿಯಾಗುತ್ತಿದೆ?

ಲೆಕ್ಕ ಸೀಸೆಯಲ್ಲಿದೆ. ಒಂದು ಸೀಸೆಯಲ್ಲಿ ನೂರು, ಇನ್ನೂರು, ಸಾವಿರ ಕೋಳಿಗಾಗುವಷ್ಟು ಮದ್ದು. 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಇದು ಸಾವಿರ ಕೋಳಿಯ ಫಾರಂ ಧಣಿಗೆ ಸಲೀಸು. ನಮ್ಮ ಮನೆಯಲ್ಲಿರೋದು ಎಂಟು ಕೋಳಿ. ಐಸೂ ಇಲ್ಲ, ಪೆಟ್ಟಿಗೆಯೂ ಇಲ್ಲ. ನಾವೊಮ್ಮೆ ದನದ ಆಸ್ಪತ್ರೆಯೊಂದರ ಬಾಗಿಲಿಗೆ ಹೋದಾಗ 'ಎಂಟು ಕೋಳೀಗೆ ಒಂದು ಸೀಸೆ ಒಡೀಬೇಕೇನ್ರಯ್ಯ?' ಎಂಬ ಮಾತು ಕೇಳಿ ವಾಪಸು ಬಂದೆವು. ಆ ಮಾತಿನಲ್ಲಿ ಕೊಬ್ಬಿತ್ತು, ಆದರೆ ಸೀಸೆಯ ಲೆಕ್ಕ ಸುಳ್ಳಲ್ಲ. ಮದ್ದು ಮಾಡುವಾಗ ಎಂಟು ಕೋಳಿಯ ಹೆಂಗಸು ಅವರ ಕಣ್ಣ ಮುಂದಿರಲಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಸುಮಾರು 85 ಕೋಟಿ ಕೋಳಿ ಬಾತುಗಳಲ್ಲಿ 31 ಕೋಟಿಗೂ ಮೀರಿದ್ದು ಹಿತ್ತಿಲಿನವು. ಇಷ್ಟನ್ನು ಲೆಕ್ಕಕ್ಕಿಲ್ಲ ಅನ್ನುವುದಕ್ಕೆ ಆಗುತ್ತದೆಯೆ?

ಬೇರೆ ದಾರಿ ಇಲ್ಲದಿಲ್ಲ. 1980ರ ದಶಕದಿಂದ ಆಸ್ಟ್ರೇಲಿಯಾದ ವಿಜ್ಞಾನಿಗಳು ಬಿಸಿಲನ್ನು ಹೆಚ್ಚು ತಡೆಯುವ ಲಸಿಕೆಯ ಮೇಲೆ ಕೆಲಸ ಮಾಡಿದರು. ಆಫ್ರಿಕದ ಮೊಜಾಂಬಿಕ್, ಟಾಂಜಾನಿಯಾಗಳಲ್ಲಿ ಹಳ್ಳಿಯ ಹೆಂಗಸರೇ ಕಲಿತು, ಮನೆ ಮನೆಗೆ ಹೋಗಿ ಕೋಳಿ ಕಣ್ಣಿಗೆ ಒಂದೊಂದು ಹನಿ ಬಿಟ್ಟರು. ನಮ್ಮ ಹಾಗೇ ಬಡವರು, ಕರಿಯ ಮೈಯವರು. ಅಲ್ಲಿ ಆದದ್ದು ಇಲ್ಲೂ ಆಗಬೇಕೆಂದು ನಾವು ಕೇಳಬೇಕು.

ಕೇಳುತ್ತಾ ಕೂರುವುದಷ್ಟೇ ಅಲ್ಲ. ಗೆಳೆಯರೆ, ಹಳ್ಳಿ ಮೇಷ್ಟ್ರುಗಳೆ, ಹತ್ತು ಹನ್ನೆರಡು ಮನೆ ಕೂಡಿದರೆ ನೂರು ಕೋಳಿ, ಒಂದು ಸೀಸೆ. ಮಾಗಿ ಹುಟ್ಟುವ ಮುಂಚೆ ಒಂದು ದಿನ ಗೊತ್ತು ಮಾಡಿ. ಬೆಳಗಿನ ಜಾವ ಕೋಳಿ ಗೂಡು ಬಿಡುವ ಮುಂಚೆ, ದನದ ಡಾಕ್ಟರನ್ನು ಸೀಸೆ ಸಮೇತ ಕೇರಿಗೇ ಕರೆಸಿ. ಮೊದಲ ವಾರದ ಪಿಳ್ಳೆಗೆ ಕಣ್ಣು ಮೂಗಿಗೆ ಹನಿ, ಎರಡು ತಿಂಗಳ ಹೊತ್ತಿಗೆ ರೆಕ್ಕೆಯಡಿ ಸೂಜಿ. ಇದು ರೋಗ ಬರುವ ಮುಂಚಿನ ಮಾತು. ಬಂದ ಮೇಲೆ ಮದ್ದಿಲ್ಲ. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಕಡೆ ಕಟ್ಟಿ. ಸತ್ತದ್ದನ್ನು ತಿಪ್ಪೆಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ತೂಕಡಿಸುವ ಕೋಳಿಯನ್ನು ಸಂತೆಗೆ ಒಯ್ದರೆ ಪಕ್ಕದ ಕೇರಿಯ ಅವ್ವನ ಗೂಡಿಗೆ ನಾವೇ ರೋಗ ಹೊತ್ತು ಹೋದಂತೆ.

ಎಂಟು ಕೋಳಿಯ ಹೆಂಗಸು ಒಬ್ಬಳೇ ಹೋದರೆ ಆಸ್ಪತ್ರೆ ಬಾಗಿಲಲ್ಲಿ ಗದರಿಸಿ ಕಳಿಸುತ್ತಾರೆ. ಹನ್ನೆರಡು ಮನೆಯವರು ಒಟ್ಟಿಗೆ ನಿಂತರೆ ಸೀಸೆ ಒಡೆಯಲೇಬೇಕು. ನಮ್ಮ ಚಳವಳಿ ಭೂಮಿಯನ್ನು ಕೇಳುತ್ತದೆ, ಕೇಳಲೇಬೇಕು. ಭೂಮಿ ಬರೋ ತನಕ ಅವ್ವನ ಮಂಕರಿ ಕೆಳಗಿನದನ್ನು ಉಳಿಸಿಕೊಳ್ಳುವುದೂ ಚಳವಳಿಯ ಕೆಲಸವೇ.